ಹದಿನೇಳನೇ ನಂಬರ್ ಲಾರಿಯ ಬಾಲ

ಹದಿನೇಳಣ್ಣ ಕೊನೆಯ ಸಲ ಪರೀಕ್ಷೆ ಬರೆದು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಆ ಪರೀಕ್ಷೆಯಲ್ಲೂ ಅವನು ಪಾಸಾಗಿರಲಿಲ್ಲ. ಆಮೇಲೆ ಸ್ಟೀರಿಂಗ್ ಹಿಡಿದವನು, ಇನ್ನು ಈ ಜನ್ಮದಲ್ಲಿ ಕೂತು ಪೆನ್ನು ಕಚ್ಚುವ ಗತಿ ಬರಲಾರದು ಎಂದು ನೆಮ್ಮದಿಯಾಗಿದ್ದ. ಗತಿ ಬಂದೇ ಬಂತು. ಅದೂ ತಲೆಗೆ ಹೆಲ್ಮೆಟ್ ಹಾಕಿಕೊಂಡು.

ಗಣಿಯಲ್ಲಿ ಅದಿರು ಸಾಗಿಸುವ ಗುತ್ತಿಗೆ ಲಾರಿಗಳ ಡ್ರೈವರುಗಳು ಎರಡು ವರ್ಷಕ್ಕೊಮ್ಮೆ ಸುರಕ್ಷತಾ ತರಬೇತಿಗೆ ಕೂರಬೇಕೆಂಬ ನಿಯಮ ಹಿಂದಿನಿಂದಲೂ ಇತ್ತು. ಹಿಂದೆಲ್ಲ ತರಬೇತಿ ಎಂದರೆ ಒಂದು ಸಹಿ, ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಈ ವರ್ಷ ಹೊಸ ಸೇಫ್ಟಿ ಮೇಡಂ ಬಂದರು. ಚಹಾ ಬಿಸ್ಕತ್ತು ಉಳಿದುಕೊಂಡವು. ಸಹಿಯ ಜಾಗಕ್ಕೆ ಐದು ದಿನದ ಪಾಠ ಬಂತು, ಶುಕ್ರವಾರಕ್ಕೊಂದು ಪರೀಕ್ಷೆ ಬಂತು. ಹಳೆಯ ಗೇಟ್ ಪಾಸಿನ ಅವಧಿ ಶುಕ್ರವಾರ ಸಂಜೆ ಐದಕ್ಕೆ ಮುಗಿಯುತ್ತದೆ. ಪಾಸಾದವನಿಗೆ ಹೊಸ ಗೇಟ್ ಪಾಸು. ಫೇಲಾದವನು ಆರು ತಿಂಗಳು ಗೇಟಿನಾಚೆ.

ಹದಿನೇಳಣ್ಣನಿಗೆ ಆ ಹೆಸರು ಬಂದದ್ದು ಹದಿನೇಳನೇ ನಂಬರ್ ಲಾರಿಯಿಂದ. ಒಂಬತ್ತು ವರ್ಷದಿಂದ ಅದೊಂದೇ ಗಾಡಿ. ಅದರ ಸೀಟಿನಲ್ಲಿ ಅವನ ಮೈಯ ಅಚ್ಚು ಬಿದ್ದಿತ್ತು. ಬೇರೆ ಯಾರೇ ಕೂತರೂ ಎಡಕ್ಕೆ ವಾಲುತ್ತಿದ್ದರು. ಅಂಥ ಗಾಡಿಯ ಬಗ್ಗೆ ಗುತ್ತಿಗೆದಾರ ಫೋನಿನಲ್ಲಿ ತಣ್ಣಗೆ ಹೇಳಿಬಿಟ್ಟಿದ್ದ: "ನೀನು ಆರು ತಿಂಗಳು ಮನೇಲಿ ಕೂತ್ರೆ ನಾನು ಗಾಡೀನ ಶೋಕೇಸಲ್ಲಿ ಇಡೋಕಾಗತ್ತಾ? ನಿನ್ನ ಭಾಮೈದ ಬದಲಿ ಡ್ರೈವರಾಗಿ ಅಲೀತಿದಾನಲ್ಲ, ಅವನಿಗೆ ಕೊಡ್ತೀನಿ. ಹೇಗಿದ್ರೂ ಮನೇಲೇ ಇರತ್ತೆ ಬಿಡು."

ಆ "ಮನೇಲೇ ಇರತ್ತೆ ಬಿಡು" ಎನ್ನುವ ಮಾತು ಹದಿನೇಳಣ್ಣನನ್ನು ಬಿಡದೆ ಚುಚ್ಚಿತು. ಏಕೆಂದರೆ ಭಾಮೈದ, ಅಂದರೆ ಅವನ ಹೆಂಡತಿಯ ಒಡಹುಟ್ಟಿದ ತಮ್ಮ, ತರಬೇತಿಯ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಕಪ್ಪು ಕನ್ನಡಕವನ್ನು ಹೆಲ್ಮೆಟ್ಟಿನ ಮೇಲೇರಿಸಿ, ಕಾಲು ಚಾಚಿ, ಮೊದಲ ದಿನವೇ ಶುರು ಮಾಡಿದ್ದ.

"ಭಾವ, ಆ ಸೀಟನ್ನ ಒಂಚೂರು ಹಿಂದಕ್ಕೆ ತಳ್ಳಿಸ್ಬೇಕಾಗತ್ತೆ. ನನ್ನ ಕಾಲು ಉದ್ದ ನೋಡಿ."

"ಕಾಲು ಉದ್ದ ಇದ್ರೆ ಮಡಚ್ಕೊಂಡು ಕೂತ್ಕೊಳೋ. ಇನ್ನೂ ನಾನು ಸತ್ತಿಲ್ಲ."

"ಅಯ್ಯೋ, ಬಿಡ್ತು ಅನ್ನಿ. ಫೇಲಾಗೋದಕ್ಕೆ ಸಾಯೋದ್ಯಾಕೆ?"

ತರಬೇತಿಯ ಕೋಣೆ ಎಂದರೆ ಹಡಗಿನಿಂದ ಇಳಿಸಿದ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೊಂದು ಬಾಗಿಲು, ಎರಡು ಕಿಟಕಿ ಕೊರೆದು, ಹನ್ನೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಗೋಡೆಯ ಮೇಲೆ ಕೈ ಕಳೆದುಕೊಂಡವನ ಚಿತ್ರ, ಕಾಲು ಕಳೆದುಕೊಂಡವನ ಚಿತ್ರ. ಎರಡರಲ್ಲೂ ಮನುಷ್ಯ ಅದ್ಯಾಕೋ ನಗುತ್ತಿದ್ದ. ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಿತ್ತು. ಹನ್ನೊಂದು ಜೊತೆ ಬೂಟಿನ ವಾಸನೆ ಎಲ್ಲೂ ಹೋಗದೆ ಅಲ್ಲೇ ಸುತ್ತುತ್ತಿತ್ತು.

ಸೋಮವಾರ ಮೇಡಂ ಮೊದಲು ಮಾಡಿದ ಕೆಲಸವೆಂದರೆ ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟದ್ದು. ಅದು ಡ್ರೈವರುಗಳಿಗೆ ಹಳೆಯ ನೆಂಟ. ದಿನಾ ಗಾಡಿ ಎತ್ತುವ ಮುಂಚೆ ಒಂದು ಸುತ್ತು ಹಾಕಿ, ಟೈರು, ಬ್ರೇಕು, ಕನ್ನಡಿ, ದೀಪ ಎಲ್ಲ ನೋಡಿ, ಮೂವತ್ತಮೂರು ಅಂಶಗಳ ಎದುರು ಸರಿಯಿದ್ದರೆ ಟಿಕ್, ಇಲ್ಲದಿದ್ದರೆ ಇಂಟು ಹಾಕಬೇಕು. ಹಾಗೆಂದು ಕಾಗದದಲ್ಲಿತ್ತು. ವಾಡಿಕೆಯೇ ಬೇರೆ. ಸೋಮವಾರ ಬೆಳಗ್ಗೆ ಚಹಾದ ಶೆಡ್ಡಿನಲ್ಲಿ ಒಬ್ಬರ ಬೆನ್ನ ಮೇಲೆ ಒಬ್ಬರು ಫಾರಂ ಇಟ್ಟುಕೊಂಡು, ಚಹಾ ಆರುವುದರೊಳಗೆ ಇಡೀ ವಾರದ ಟಿಕ್ಕು ಎಳೆದು ಮುಗಿಸುತ್ತಿದ್ದರು. ಶನಿವಾರ ಟೈರು ಹೇಗಿರುತ್ತದೆಂಬುದು ಅವರಿಗೆ ಸೋಮವಾರವೇ ಗೊತ್ತಿರುತ್ತಿತ್ತು.

"ಹೊರಗಡೆ ತರಬೇತಿ ಲಾರಿ ನಿಂತಿದೆ," ಎಂದರು ಮೇಡಂ. "ಇಪ್ಪತ್ತು ನಿಮಿಷ ಟೈಮಿದೆ. ನೋಡಿ, ತುಂಬಿ ತನ್ನಿ."

ನಾಲ್ಕೇ ನಿಮಿಷಕ್ಕೆ ಹನ್ನೊಂದು ಫಾರಮ್ಮೂ ಮೇಜಿನ ಮೇಲಿದ್ದವು. ಮೇಡಂ ಒಂದೊಂದನ್ನೇ ತಿರುವಿದರು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಕಣ್ಣಿನ ಕೆಳಗೆ ಮಾತ್ರ ಐವತ್ತರ ದಣಿವಿತ್ತು.

"ಇಪ್ಪತ್ತೇಳನೇ ಅಂಶ ಯಾರಾದ್ರೂ ಜೋರಾಗಿ ಓದ್ತೀರಾ?"

ನೀರಿನ ಟ್ಯಾಂಕರಿನ ಡ್ರೈವರ್ ಉತ್ಸಾಹದಿಂದ ಎದ್ದು ಓದಿದ: "ವಾಹನದ ಬಾಲವು ಗಟ್ಟಿಯಾಗಿದ್ದು, ಎರಡೂ ಕಡೆಗೆ ಸರಾಗವಾಗಿ ಅಲ್ಲಾಡುತ್ತ..." ಅಲ್ಲಿಗೆ ಅವನ ಸ್ವರ ಬ್ರೇಕು ಹಾಕಿತು.

"ಹನ್ನೊಂದು ಜನಾನೂ ಟಿಕ್ ಹಾಕಿದೀರಿ," ಎಂದರು ಮೇಡಂ. "ನಂಗೂ ಒಂಚೂರು ತೋರ್ಸಿ. ಲಾರಿ ಬಾಲ ಅಲ್ಲಾಡ್ಸೋದನ್ನ ನಾನಂತೂ ನೋಡಿಲ್ಲ. ಯಾರು ಓದ್ತಾರೆ ನೋಡೋಣ ಅಂತ ನಾನೇ ಸೇರ್ಸಿದ್ದು."

ಯಾರೋ ಹಿಂದಿನಿಂದ, "ಮೇಡಂ, ನಾನು ಹಿಂದಿನ ಬಾಗಿಲು ಅಂದ್ಕೊಂಡೆ," ಎಂದರು.

"ಬಾಗಿಲು ಇಪ್ಪತ್ತೆಂಟನೇದು. ಅದಕ್ಕೂ ಟಿಕ್ ಇದೆ. ಅಂದ್ರೆ ನಿಮ್ಮ ಗಾಡೀಲಿ ಬಾಗಿಲೂ ಇದೆ, ಬಾಲಾನೂ ಇದೆ."

ಮೇಡಂ ಕೊನೆಯ ಫಾರಂ ಎತ್ತಿಕೊಂಡರು. "ಇವರೊಬ್ಬರು ಕೆಳಗಡೆ ಷರಾನೂ ಬರ್ದಿದಾರೆ. 'ಎಲ್ಲವೂ ಉತ್ತಮ. ಹೊಸದರಂತಿದೆ.' ಯಾರಿದು, ಹದಿನೇಳನೇ ನಂಬರ್?"

ಹದಿನೇಳಣ್ಣ ಕುರ್ಚಿಯಲ್ಲಿ ಎಷ್ಟು ಇಳಿದು ಕೂತನೆಂದರೆ ಹೆಲ್ಮೆಟ್ಟು ಮಾತ್ರ ಕಾಣುತ್ತಿತ್ತು. ಭಾಮೈದ ಅವನ ಬೆನ್ನ ಹಿಂದೆ ಬಗ್ಗಿ ನೋಡಿ, "ಭಾವ, ನಿಮ್ಮದು ಅಲ್ಲಾಡ್ತಿದೆ," ಎಂದ.

*

ಹದಿನೇಳಣ್ಣ ಮನೆ ಸೇರುವ ಹೊತ್ತಿಗೆ ಸುದ್ದಿ ಭಾಮೈದನ ಸ್ಕೂಟರಿನಲ್ಲಿ ಮುಂಚೆಯೇ ಬಂದು, ಚಹಾ ಕುಡಿದು, ಹೋಗಿಯೂ ಆಗಿತ್ತು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಿದ್ದಳು.

"ನಗ್ರಿ, ನಗ್ರಿ," ಎಂದ ಹದಿನೇಳಣ್ಣ ಬೂಟು ಕಳಚುತ್ತ. "ಶುಕ್ರವಾರ ಫೇಲಾಗ್ತೀನಲ್ಲ, ಆಗ ಆರು ತಿಂಗಳು ಕೂತ್ಕೊಂಡು ನಗೋರಂತೆ."

"ಅಪ್ಪಾ, ನಂಗೆ ಗಣಿತದಲ್ಲಿ ಕಮ್ಮಿ ಬಂದಾಗ ನೀನು ಏನಂದಿದ್ದೆ, ನೆನಪಿದ್ಯಾ?"

"ಏನಂದಿದ್ದೆ?"

"ಪ್ರಶ್ನೆ ಓದ್ದೇ ಉತ್ತರ ಬರೀತೀಯಲ್ಲೇ ಕತ್ತೆ, ಅಂದಿದ್ದೆ."

ಹದಿನೇಳಣ್ಣ ಬೂಟಿನೊಳಗೆ ಏನೋ ಬಹಳ ಮುಖ್ಯವಾದದ್ದು ಬಿದ್ದಿದೆ ಎಂಬಂತೆ ಅದನ್ನೇ ನೋಡಿದ.

ಹೆಂಡತಿ ಯಂತ್ರ ನಿಲ್ಲಿಸಿದಳು. ಅವಳು ನಗುವಷ್ಟು ನಕ್ಕು ಮುಗಿಸಿ ಕೆಲಸಕ್ಕೆ ಇಳಿಯುವವಳು. "ರೀ, ಇಲ್ಲಿ ಬನ್ನಿ. ಈ ಅಂಗಿ ನೋಡಿ. ಹೇಗಿದೆ?"

"ಚೆನ್ನಾಗಿದೆ."

ಅವಳು ಅಂಗಿಯನ್ನು ಒಳಮಗ್ಗುಲು ಮಾಡಿ ಮುಖದ ಮುಂದೆ ಹಿಡಿದಳು. ಕಂಕುಳಲ್ಲಿ ಹೊಲಿಗೆ ಬಿಟ್ಟು ದಾರ ಜೋತಾಡುತ್ತಿತ್ತು. "ಮೇಲಿಂದ ನೋಡಿದ್ರೆ ಎಲ್ಲಾನೂ ಚೆನ್ನಾಗೇ ಕಾಣತ್ತೆ. ತಿರುಗಿಸಿ ನೋಡ್ಬೇಕು. ನಿಮಗೆ ಓದೋದೇನೂ ಬೇಡ. ನೋಡೋದು ಕಲೀರಿ ಸಾಕು."

ಅಂದಿನಿಂದ ಪ್ರತಿ ಸಂಜೆ ಮನೆಯೇ ಲಾರಿಯಾಯಿತು. ತಾಯಿ ಮಗಳು ಸೇರಿ ಎಲ್ಲೋ ನಾಲ್ಕು ಕಡೆ ಏನೋ ಕೆಡಿಸಿ ಇಡುವುದು. ಹದಿನೇಳಣ್ಣ ಒಂದು ಸುತ್ತು ಹಾಕಿ ಹುಡುಕುವುದು. ಕುರ್ಚಿಯ ಒಂದು ಕಾಲಿನ ಬುಷ್ಷು ಮಾಯ. ಗಡಿಯಾರದ ಸೆಲ್ಲು ತಿರುಗಾಮುರುಗ. ಬಾಗಿಲ ಚಿಲಕದ ಒಂದು ಮೊಳೆ ಸಡಿಲ. ಹಳೆಯ ಚೀಲದ ಪಟ್ಟಿ ಕತ್ತರಿಸಿ ಹೆಂಡತಿ ಕುರ್ಚಿಗೊಂದು ಸೀಟ್ ಬೆಲ್ಟನ್ನೂ ಹೊಲಿದಳು. ದಿನಕ್ಕೊಂದು ಕಡೆ ಹೊಲಿಗೆ ಬಿಚ್ಚಿಡುತ್ತಿದ್ದಳು. "ನೋಡಿ, ಭಾರ ತಡೆಯೋ ಹೊಲಿಗೆ ಹೋಗಿ ಬಂದು, ಹೋಗಿ ಬಂದು ಇರತ್ತೆ. ಇದು ಒಂದೇ ಸಾಲು. ಇದು ತೇಪೆ, ಹೊಲಿಗೆ ಅಲ್ಲ."

ಮೊದಲ ದಿನ ಅವನಿಗೆ ಸಿಕ್ಕಿದ್ದು ಒಂದು. ಎರಡನೆಯ ದಿನ ಮೂರು. ಬುಧವಾರ ನಾಲ್ಕನ್ನೂ ಹುಡುಕಿ, ಅದರ ಮೇಲೆ ಗ್ಯಾಸಿನ ರಬ್ಬರ್ ಪೈಪು ಹಿಂಬದಿಯಲ್ಲಿ ಬಿರುಕು ಬಿಟ್ಟದ್ದನ್ನೂ ಕಂಡುಹಿಡಿದ. "ಇದು ನಾವಿಟ್ಟಿದ್ದಲ್ಲ!" ಎಂದು ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಪೈಪು ಅಂದೇ ಬದಲಾಯಿತು. ಆಮೇಲೆ ಅವನನ್ನು ಹಿಡಿಯುವವರಿಲ್ಲದಾಯಿತು. ಗುರುವಾರ ಸಂಜೆ ಮಂಚದ ಕಾಲು ನೋಡಿ, ಹಾಸಿಗೆ ಎತ್ತಿ, ಅದರಡಿಯಿಂದ ನಾಲ್ಕಾಗಿ ಮಡಚಿದ ಒಂದು ಹಾಳೆ ಹೊರತೆಗೆದ. ಗಣಿತದ ಕಿರುಪರೀಕ್ಷೆ. ಇಪ್ಪತ್ತೈದಕ್ಕೆ ಏಳು.

"ಅಪ್ಪಾ, ಅದು ಆಟಕ್ಕಿಲ್ಲ!" ಮಗಳು ಚೀರಿದಳು. "ನಾವು ನಾಲ್ಕೇ ಇಟ್ಟಿದ್ದು! ಇದು ಐದನೇದು!"

"ಇಟ್ಟಿದ್ದು ಎಷ್ಟಾದ್ರೂ ಇರ್ಲಿ," ಎಂದ ಹದಿನೇಳಣ್ಣ ಹಾಳೆಯನ್ನು ದೀಪಕ್ಕೆ ಹಿಡಿದು. "ಇರೋದು ಎಷ್ಟು ಅಂತ ನೋಡ್ಬೇಕು."

ಆಮೇಲೆ ಅವನು ಬೈಯಲಿಲ್ಲ. ಮಗಳ ಪಕ್ಕ ಕೂತು ಮೊದಲನೆಯ ಪ್ರಶ್ನೆಯನ್ನು ಇಬ್ಬರೂ ಎರಡು ಸಲ ಓದಿದರು. ಇಬ್ಬರಿಗೂ ಅರ್ಥವಾಗಲಿಲ್ಲ. ಅದು ಬೇರೆ ಮಾತು.

*

ಶುಕ್ರವಾರ ಬೆಳಗ್ಗೆ ಮೇಡಂ ನಿಯಮ ಹೇಳಿದರು. ಲಾರಿಯಲ್ಲಿ ಬೇಕೆಂದೇ ಕೆಲವು ತಪ್ಪು ಇಟ್ಟಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಹುಡುಕಿ ಬರೆಯಬೇಕು. ಇಲ್ಲದ ತಪ್ಪು ಬರೆದರೆ ಅಂಕ ಹೋಗುತ್ತದೆ. ಗಾಡಿ ಓಡಿಸಲು ಯೋಗ್ಯವಲ್ಲ ಎಂದು ಕಂಡರೆ ಯಾರೂ ಅದನ್ನು ಚಾಲೂ ಮಾಡದಂತೆ ಬ್ಯಾಟರಿ ಸ್ವಿಚ್ಚಿಗೆ ತಮತಮಗೆ ಕೊಟ್ಟ ಕೆಂಪು ಬೀಗ ಹಾಕಿ, ಫೋಟೋ ಇರುವ ಚೀಟಿ ತೂಗುಬಿಟ್ಟು, ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಸ್ವಿಚ್ಚಿನಲ್ಲಿ ಜಾಗ ಇರುವುದು ಒಂದೇ ಬೀಗಕ್ಕೆ. ಒಬ್ಬನದು ಮುಗಿದು, ಅವನು ಬೀಗ ತೆಗೆದ ಮೇಲೆ ಇನ್ನೊಬ್ಬ.

"ಬೀಗದ ನಿಯಮ ಏನು? ಎಲ್ರೂ ಒಟ್ಟಿಗೆ ಹೇಳಿ."

ಹದಿನೇಳಣ್ಣನದೂ ಸೇರಿ ಹನ್ನೊಂದು ಗಂಟಲು ಕೂಗಿದವು: "ಹಾಕಿದವರೇ ತೆಗೀಬೇಕು!"

"ಗಣಿ ಮಾಲೀಕರೇ ಬಂದು ನಿಂತ್ರೆ?"

"ಮುಟ್ಟೋ ಹಾಗಿಲ್ಲ!"

"ನಾನೇ ಬಂದು ಕೇಳಿದ್ರೆ?"

"ಮುಟ್ಟೋ ಹಾಗಿಲ್ಲ!"

ಮೇಡಂ ಮುಖದಲ್ಲಿ ವಾರದ ಮೊದಲ ನಗು ಕಂಡಿತು. ಅದಕ್ಕಾಗಿ ಅವರು ಆಮೇಲೆ ಬಹಳ ಪರಿತಪಿಸಿದರು.

ಹಿರಿಯನೆಂದು ಮೊದಲ ಸರದಿ ಹದಿನೇಳಣ್ಣನದೇ. ಒಂದು ಸುತ್ತು ಹಾಕಿದ. ಕನ್ನಡಿ ಒಳಮುಖವಾಗಿ ತಿರುಗಿತ್ತು: ಒಂದು. ಹಿಂದಿನ ದೀಪದೊಳಗೆ ಬಲ್ಬೇ ಇಲ್ಲ: ಎರಡು. ಹಿಂಗಾಲಿಯ ಒಂದು ನಟ್ಟು ಬೆರಳಿಗೇ ತಿರುಗಿತು: ಮೂರು. ಬ್ರೇಕಿನ ಪೆಡಲಿನಡಿ ನೀರಿನ ಬಾಟಲಿ ಉರುಳಾಡುತ್ತಿತ್ತು: ನಾಲ್ಕು. ಹನ್ನೆರಡು ನಿಮಿಷವಾಗಿತ್ತು. ಅಲ್ಲಿಗೇ ಬಂದಿದ್ದರೆ ಪಾಸು ಜೇಬಿನಲ್ಲಿರುತ್ತಿತ್ತು. ಆದರೆ ನಾಲ್ಕು ಸಂಜೆ ಹೆಂಡತಿಯ ಕೈಯಲ್ಲಿ ಪಳಗಿದ ಕಣ್ಣು ನಿಲ್ಲಬೇಕಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ತಿರುಗಿಸಿ ನೋಡಿದ. ಹಿಂದಿನ ಚೀಟಿಯ ಪ್ರಕಾರ ಅದು ಮುದಿಯಾಗಿ ಮೂರು ವರ್ಷವಾಗಿತ್ತು. ಸೀಟ್ ಬೆಲ್ಟನ್ನು ಬುಡದವರೆಗೂ ಎಳೆದು ನೋಡಿದ. ಯಾರೋ ಮಾಮೂಲಿ ದಾರದಲ್ಲಿ ಒಂದೇ ಸಾಲು ಹೊಲಿದಿದ್ದರು. "ತೇಪೆ," ಎಂದು ಗೊಣಗಿ ಬರೆದುಕೊಂಡ. ಆಮೇಲೆ ಬೆನ್ನ ಮೇಲೆ ಮಲಗಿ ಲಾರಿಯ ಕೆಳಗೆ ತೆವಳಿದ.

"ಟೈಮಾಯ್ತು!" ಎಂದರು ಮೇಡಂ.

"ಬಂದೆ ಮೇಡಂ."

ಬಂದದ್ದು ಇನ್ನೂ ಇಪ್ಪತ್ತಮೂರು ನಿಮಿಷದ ಮೇಲೆ. ಅಷ್ಟು ಹೊತ್ತೂ ಹತ್ತು ಜನ ಅವನ ಎರಡು ಬೂಟುಗಳನ್ನು ನೋಡುತ್ತ ನಿಂತಿದ್ದರು. "ಮಲ್ಕೊಂಡ್ಬಿಟ್ರೋ ಏನೋ, ಮನೇಲಿ ಅಕ್ಕ ಬಿಡಲ್ಲ," ಎಂದು ಭಾಮೈದ ವ್ಯಾಖ್ಯಾನ ನಡೆಸಿದ್ದ. ಹದಿನೇಳಣ್ಣ ಎದ್ದು, ಮೈಯ ಧೂಳು ಕೊಡವದೆ ನೇರ ಹೋಗಿ ಸ್ವಿಚ್ಚಿಗೆ ಬೀಗ ಜಡಿದು, ಚೀಟಿ ತೂಗುಬಿಟ್ಟು, ಫಾರಂ ಕೊಟ್ಟ.

ಮೇಡಂ ಗಡಿಯಾರ ನೋಡಿದರು, ಫಾರಂ ನೋಡಿದರು. "ಇಪ್ಪತ್ತು ನಿಮಿಷಕ್ಕೆ ನಲವತ್ಮೂರು ತಗೊಂಡಿದೀರಿ. ನಾನಿಟ್ಟಿದ್ದು ನಾಲ್ಕು ತಪ್ಪು, ನೀವು ಏಳು ಬರ್ದಿದೀರಿ."

"ಇಟ್ಟಿದ್ದು ನಾಲ್ಕು, ಇರೋದು ಏಳು, ಮೇಡಂ. ಮುಂದಿನ ಎಡಗಾಲಿ ಮೇಲೆ ಭಾರ ಹೊರೋ ಕಮಾನು ಪಟ್ಟೆ ಇದೆಯಲ್ಲ, ಅದರ ಮೇಲಿನ ಪಟ್ಟೆ ಒಡೆದಿದೆ."

"ಈ ಗಾಡೀನ ಸೋಮವಾರ ತಾನೇ ವರ್ಕ್‌ಶಾಪಿನವರು ನೋಡಿ ಬರ್ಕೊಟ್ಟಿದಾರೆ. ನೀವು ಗ್ರೀಸಿನ ಗೆರೆ ನೋಡಿರ್ತೀರಿ." ಅವರಿಗೂ ಪಾಪ, ಇನ್ನೂ ಹತ್ತು ಜನರ ಪರೀಕ್ಷೆ ಐದರೊಳಗೆ ಮುಗಿಯಬೇಕಿತ್ತು. "ಕ್ಷಮಿಸಿ. ನಿಯಮದ ಪ್ರಕಾರ ನೀವು ಫೇಲು. ಬೀಗ ತೆಗೀರಿ, ಮುಂದಿನವರು ಬರ್ಲಿ."

ಒಂಬತ್ತು ವರ್ಷದ ಸೀಟು, ಎಡಕ್ಕೆ ವಾಲುವ ಆ ಸೀಟು, ಭಾಮೈದನ ಉದ್ದ ಕಾಲಿಗಾಗಿ ಹಿಂದಕ್ಕೆ ಸರಿಯುವುದು ಹದಿನೇಳಣ್ಣನ ಕಣ್ಣೆದುರೇ ಕಂಡಿತು. ಆದರೂ ಬಾಯಿಂದ ಬಂದದ್ದು ಬೇರೆ.

"ತೆಗೆಯಲ್ಲ ಮೇಡಂ. ಪಟ್ಟೆ ಒಡೆದಿರೋ ಗಾಡಿ ಅದು."

"ನೀವು ಫೇಲಾಗಿದೀರಿ!"

"ನಾನು ಫೇಲಾದ್ರೆ ಪಟ್ಟೆ ಕೂಡ್ಕೊಳತ್ತಾ?"

ಹಾಗೆಂದವನು ತಲೆ ತಗ್ಗಿಸಿ ಗೇಟಿನತ್ತ ನಡೆದ. ಫೇಲಾದವನ ಪಾಸು ಕಿತ್ತಿಟ್ಟುಕೊಳ್ಳಬೇಕೆಂದು ಗೇಟಿನ ಕಾವಲುಗಾರನಿಗೆ ಆಜ್ಞೆಯಾಗಿತ್ತು. ಒಂಬತ್ತು ವರ್ಷದಿಂದ ಬೆಳಗ್ಗೆ ಕೈ ಎತ್ತಿ ಒಳಗೆ ಬಿಡುತ್ತಿದ್ದವನು ಪಾಸು ಇಸಿದುಕೊಂಡು, ಸರಳಿನ ಗೇಟು ಎಳೆದು, "ಇನ್ನು ನೀವು ಹೊರಗಿನವರು. ಹೊರಗಿನವರು ಇಲ್ಲಿ ನಿಲ್ಲೋ ಹಾಗಿಲ್ಲ," ಎಂದ. ಅರೆಗಳಿಗೆ ಬಿಟ್ಟು, ಗೇಟನ್ನು ಒಂಚೂರು ಸರಿಸಿ ತನ್ನ ಸ್ಟೂಲನ್ನು ಹೊರಗೆ ತಳ್ಳಿದ. "ಕೂರಬಹುದು."

*

ಹತ್ತು ನಿಮಿಷವಾಗಿರಲಿಲ್ಲ, ಭಾಮೈದ ಓಡಿ ಬಂದ. ಕನ್ನಡಕ ಹೆಲ್ಮೆಟ್ಟಿನ ಮೇಲಿಂದ ಮೂಗಿಗೆ ಜಾರಿತ್ತು.

"ಭಾವ, ಕೀಲಿ!"

"ಜೇಬಲ್ಲಿದೆ."

"ಕೊಡಿ ಭಾವ. ನಿಮ್ಮ ಬೀಗ ಇರೋವರೆಗೆ ಯಾರೂ ಬೀಗ ಹಾಕಿ ತೋರ್ಸೋಕಾಗಲ್ಲ. ಹತ್ತು ಜನಾನೂ ಫೇಲಾಗ್ತೀವಿ. ನಾನೂ ಸೇರಿ!"

"ಹಾಕಿದವರೇ ತೆಗೀಬೇಕು ಅಂತ ಬೆಳಗ್ಗೆ ಎಲ್ಲಾರಿಗಿಂತ ಜೋರಾಗಿ ಕೂಗಿದ್ಯಾರು?"

"ಕೂಗಿದ್ದು ನಾನೇ, ತಪ್ಪಾಯ್ತು. ಹೋಗ್ಲಿ, ಒಳಗೆ ಬಂದು ನೀವೇ ತೆಗೀರಿ."

"ನಾನು ಹೊರಗಿನವನಪ್ಪ. ಪಾಸಿಲ್ಲ. ಕೇಳು ಬೇಕಾದ್ರೆ," ಎಂದು ಹದಿನೇಳಣ್ಣ ಕಾವಲುಗಾರನತ್ತ ಕೈ ತೋರಿಸಿದ. ಕಾವಲುಗಾರ ಗಂಭೀರವಾಗಿ ತಲೆಯಾಡಿಸಿದ.

ಆಮೇಲೆ ಮೇಡಮ್ಮೇ ಬಂದರು, ಕೈಯಲ್ಲೊಂದು ಕಾಗದ ಹಿಡಿದು. ಸರಳುಗಳ ಆಚೆ ನಿಂತು, ಸಿಟ್ಟನ್ನು ಒಳಗಿಟ್ಟುಕೊಂಡು ಮಾತಾಡಿದರು. "ನೋಡಿ, ನಿಮ್ಮ ಹಿರಿತನಕ್ಕೆ ಮರ್ಯಾದೆ ಕೊಟ್ಟು ಬಂದಿದೀನಿ. ಇದು ವರ್ಕ್‌ಶಾಪಿನ ಫಾರಂ. ಸೋಮವಾರದ್ದು. ಮೂವತ್ತಮೂರು ಅಂಶ, ಮೂವತ್ತಮೂರು ಟಿಕ್ಕು. ಕಮಾನು ಪಟ್ಟೆ ಇಲ್ಲಿದೆ, ಸರಿ ಇದೆ ಅಂತ. ಇನ್ನೇನು ಬೇಕು ನಿಮಗೆ?"

ಹದಿನೇಳಣ್ಣ ಸ್ಟೂಲಿನಿಂದ ಎದ್ದ. ಸರಳಿಗೆ ಮುಖ ಒತ್ತಿ ಓದಿದ. ಈ ಸಲ ಪ್ರಶ್ನೆಯನ್ನೂ ಓದಿದ.

"ಮೇಡಂ, ನಮಗೆ ಕೊಟ್ಟ ಫಾರಮ್ಮೇ ತಾನೇ ಇದು?"

"ಹೌದು, ಎಲ್ಲ ಒಟ್ಟಿಗೇ ಅಚ್ಚು ಹಾಕ್ಸಿದ್ದು. ಯಾಕೆ?"

"ಇಪ್ಪತ್ತೇಳನೇದು ನೋಡಿ."

ಮೇಡಂ ನೋಡಿದರು. ಬಾಲವು ಗಟ್ಟಿಯಾಗಿತ್ತು. ಎರಡೂ ಕಡೆಗೆ ಸರಾಗವಾಗಿ ಅಲ್ಲಾಡುತ್ತಿತ್ತು. ಎದುರಿಗೆ ವರ್ಕ್‌ಶಾಪಿನವರ ಟಿಕ್ಕು, ದಪ್ಪಗೆ, ಆತ್ಮವಿಶ್ವಾಸದಿಂದ ಕೂತಿತ್ತು. ಅವರ ಸಹಿಯ ಕೆಳಗೆ 'ಪರಿಶೀಲಿಸಲಾಗಿದೆ' ಎಂದಿದ್ದ ಕಡೆ ಇನ್ನೊಂದು ಸಹಿಯಿತ್ತು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಅದು ಅವರದೇ.

ಕಾವಲುಗಾರ ಭುಜದ ಮೇಲಿಂದ ಇಣುಕಿ, "ಬಾಲ ಸರಿ ಇದೆ ಅಂತ ಬರ್ದಿದೆ," ಎಂದು ಎಲ್ಲರಿಗೂ ತಿಳಿಯುವಂತೆ ಹೇಳಿದ.

ಮೇಡಂ ಕಾಗದ ಮಡಚಿಕೊಂಡು ತಿರುಗಿ ಹೋದರು. ಗೇಟಿನಿಂದ ದೂರದಲ್ಲಿ ಕಾಣುತ್ತಿತ್ತು: ಅವರು ತರಬೇತಿ ಲಾರಿಯ ಪಕ್ಕ ನಿಂತರು, ಮಂಡಿಯೂರಿದರು, ಆಮೇಲೆ ಹೊಳೆಯುವ ಹಳದಿ ಜಾಕೆಟ್ಟಿನ ಸಮೇತ ಮಲಗಿ ಒಳಗೆ ತೆವಳಿದರು. ಈಗ ಎರಡು ಸಣ್ಣ ಬೂಟುಗಳು ಹೊರಗೆ ಕಂಡವು. ಯಾರೂ ವ್ಯಾಖ್ಯಾನ ಮಾಡಲಿಲ್ಲ.

ತಿರುಗಿ ಬಂದಾಗ ಅವರ ಕೆನ್ನೆಯ ಮೇಲೆ ಕಿವಿಯವರೆಗೂ ಗ್ರೀಸಿತ್ತು. "ಉಗುರು ಹೋಗೋಷ್ಟು ಬಿರುಕು," ಎಂದರು. ದನಿ ಸಣ್ಣದಾಗಿತ್ತು. "ಮೂರು ತಿಂಗಳಿಂದ ಅದೇ ಗಾಡೀಲಿ ಕೂತ್ಕೊಂಡು ಪಾಠ ಮಾಡ್ತಿದೀನಿ." ಆಮೇಲೆ ಜೇಬಿನಿಂದ ಹೊಸ ಪಾಸು ತೆಗೆದು, ಸರಳಿಗೇ ಒರಗಿಸಿ ಸಹಿ ಹಾಕಿದರು. "ಏಳಕ್ಕೆ ಏಳು. ತಡವಾಗಿದ್ದಕ್ಕೆ ಎರಡು ಅಂಕ ಕಳ್ದಿದೀನಿ. ಅದನ್ನ ಬಿಡೋಕಾಗಲ್ಲ."

"ಬಿಡ್ಬೇಡಿ ಮೇಡಂ," ಎಂದ ಹದಿನೇಳಣ್ಣ. ಆ ಕ್ಷಣ ಹತ್ತು ಅಂಕ ಕಳೆದಿದ್ದರೂ ಅವನು ಹಾಗೇ ಹೇಳುತ್ತಿದ್ದ. ಕಾವಲುಗಾರ ಪಾಸು ನೋಡಿ ಗೇಟು ತೆಗೆದು, ಏನೂ ಆಗದವನಂತೆ ಕೈ ಎತ್ತಿದ.

ಆದರೆ ಬಿರುಕಿನ ಗಾಡಿಯ ಬೀಗ ಈಗ ತೆಗೆಯುವ ಮಾತೇ ಇರಲಿಲ್ಲ. ಪಟ್ಟೆ ಬರುವುದು ನಾಳೆ. ಉಳಿದ ಡ್ರೈವರುಗಳ ಲಾರಿಗಳನ್ನೆಲ್ಲ ಬದಲಿಯವರು ಓಡಿಸುತ್ತಿದ್ದರು. ಹತ್ತು ಜನರ ಪರೀಕ್ಷೆಗೆ ಗಾಡಿ ಎಲ್ಲಿಂದ ಬರಬೇಕು? ಎಲ್ಲರೂ ಮುಖ ಮುಖ ನೋಡುತ್ತಿರುವಾಗ ಭಾಮೈದ ಕನ್ನಡಕ ಒರೆಸುತ್ತ ಮೆಲ್ಲಗೆ ಉಸಿರಿದ.

"ಒಂದು ಗಾಡಿ ಸುಮ್ನೆ ನಿಂತಿದೆ ಮೇಡಂ. ಅದರ ಬದಲಿ ಡ್ರೈವರ್ ನಾನೇ, ಇಲ್ಲಿದೀನಲ್ಲ. ಹದಿನೇಳನೇ ನಂಬರ್. ಎಲ್ಲವೂ ಉತ್ತಮ. ಹೊಸದರಂತಿದೆ."

ಹದಿನೇಳಣ್ಣ ಎದೆಯುಬ್ಬಿಸಿ ಹೋಗಿ ಗಾಡಿ ತಂದು ನಿಲ್ಲಿಸಿದ. ಹುಡುಕಿ, ಅದೇನು ಹುಡುಕುತ್ತೀರೋ ನೋಡೋಣ, ಎನ್ನುವ ಹಾಗೆ ಬಾಗಿಲು ತೆರೆದಿಟ್ಟ. ಹಿಂದಿನ ಪರೀಕ್ಷೆಯಲ್ಲಿ ಬುದ್ಧಿ ಕಲಿತ ಮೇಡಂ ಸಮಯದ ಮಿತಿ ತೆಗೆದುಹಾಕಿದ್ದರು. ಮೊದಲ ಸರದಿ ಭಾಮೈದನದು.

ಭಾಮೈದ ಒಂದು ಸುತ್ತು ಹಾಕಲಿಲ್ಲ, ಮೂರು ಹಾಕಿದ. ಅಕ್ಕನ ಗಂಡನ ಗಾಡಿಯಲ್ಲಿ ತಪ್ಪು ಹುಡುಕಲು ಸರಕಾರಿ ಅಪ್ಪಣೆ ಸಿಕ್ಕರೆ ಯಾರು ಬಿಟ್ಟಾರು? "ಹಾರನ್ನು ಕೆಮ್ಮತ್ತೆ, ಮೇಡಂ. ಒಂದು. ಎಡಗಡೆ ಕನ್ನಡೀಗೆ ಅಂಟಿನ ಪಟ್ಟಿ ಸುತ್ತಿದೆ. ಎರಡು. ಸೀಟು ಎಡಕ್ಕೆ ವಾಲತ್ತೆ..."

"ಅದು ತಪ್ಪಲ್ಲ, ಅಭ್ಯಾಸ!" ಎಂದ ಹದಿನೇಳಣ್ಣ.

"ಮಾತಾಡೋ ಹಾಗಿಲ್ಲ," ಎಂದರು ಮೇಡಂ.

ಎಂಟರವರೆಗೂ ಜನ ನಕ್ಕರು. ಒಂಬತ್ತನೆಯದಕ್ಕೆ ಭಾಮೈದ ಲಾರಿ ಕೆಳಗಿಂದ ಕೂಗಿದ ದನಿ ಮಾತ್ರ ಬೇರೆಯಾಗಿತ್ತು. "ಭಾವ, ಇಲ್ಲಿ ಬನ್ನಿ."

ಹದಿನೇಳಣ್ಣ ತೆವಳಿಕೊಂಡು ಹೋದ. ಬ್ರೇಕಿಗೆ ಗಾಳಿ ಒಯ್ಯುವ ಪೈಪು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ನೂಲು ಕಾಣುತ್ತಿತ್ತು. ಅಷ್ಟು ಸವೆಯಬೇಕಾದರೆ ಒಂದು ದಿನದ ಕೆಲಸವಲ್ಲ, ಒಂದು ತಿಂಗಳದ್ದೂ ಅಲ್ಲ. ಆ ಪೈಪಿನ ಎದುರು ಅವನು ಎಷ್ಟು ಸೋಮವಾರ, ಚಹಾ ಆರುವುದರೊಳಗೆ, ಎಷ್ಟು ಟಿಕ್ಕು ಎಳೆದಿದ್ದನೋ. ಬೆನ್ನ ಹಿಂದೆ ಇಪ್ಪತ್ತೈದು ಟನ್ ಅದಿರು ಹೊತ್ತು ದಿನಕ್ಕೆ ಎಂಟು ಸಲ ಇಳಿಯುವ ಇಳಿಜಾರು ಕಣ್ಣಿಗೆ ಬಂತು. ಭಾಮೈದ, ಹದಿನೇಳಣ್ಣ, ಇಬ್ಬರೂ ಲಾರಿಯ ಹೊಟ್ಟೆಯ ಕೆಳಗೆ ಪಕ್ಕ ಪಕ್ಕ ಮಲಗಿ ಆ ನೂಲನ್ನೇ ನೋಡಿದರು.

"ನಂಗೆ ಈ ಗಾಡಿ ಬೇಡ ಭಾವ," ಎಂದ ಭಾಮೈದ ಕೊನೆಗೆ.

"ಕೊಡೋರು ಯಾರೋ ನಿಂಗೆ?" ಎಂದ ಹದಿನೇಳಣ್ಣ.

ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯವನ ಪರೀಕ್ಷೆ ಮುಗಿಯಿತು. ಎಲ್ಲರೂ ಪಾಸು. ಆದರೆ ಗಾಡಿ ನಿಜವಾಗಿಯೇ ಕೆಟ್ಟಿದ್ದರಿಂದ ಅದಕ್ಕೊಂದು ಬೀಗ ಉಳಿಯಲೇಬೇಕಿತ್ತು. ಪೈಪು ಮೊದಲು ಕಂಡವನದೇ ಬೀಗ ಎಂದು ಮೇಡಂ ತೀರ್ಪು ಕೊಟ್ಟರು. ಹದಿನೇಳರ ಸ್ವಿಚ್ಚಿನಿಂದ ಭಾಮೈದನ ಫೋಟೋ ತೂಗಾಡಿತು, ಕನ್ನಡಕದ ಸಮೇತ.

"ಪೈಪು ನಾಳೆ ಹಾಕ್ತಾರಂತೆ. ಬೆಳಗ್ಗೆ ಬೇಗ ಬಂದು ಬೀಗ ತೆಗಿಯೋ," ಎಂದ ಹದಿನೇಳಣ್ಣ.

"ನೋಡ್ತೀನಿ ಭಾವ. ಅಕ್ಕ ಏನಾದ್ರೂ ಚಹಾ ಗಿಹಾ ಕೊಟ್ರೆ ಬರ್ತೀನಿ." ಭಾಮೈದ ಕೀಲಿಯನ್ನು ಗಾಳಿಯಲ್ಲಿ ಹಾರಿಸಿ ಹಿಡಿದು, ಸ್ಕೂಟರಿಗೆ ಕಿಕ್ ಹೊಡೆದ. "ಹತ್ತಿ, ಮನೆಗೆ ಬಿಡ್ತೀನಿ."

ಹದಿನೇಳಣ್ಣ ಹತ್ತಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದ.

"ಬ್ರೇಕ್ ಒತ್ತೋ. ಹಿಂದಿನ ದೀಪ ಬರ್ತಿಲ್ಲ. ಕನ್ನಡಿ ಎಲ್ಲಿ?"

"ಭಾವ..."

"ಹಿಂದಿನ ಟೈರು ನೋಡು, ನನ್ನ ತಲೆ ಥರ ನುಣ್ಣಗಿದೆ. ಇಳಿ."

"ಭಾವ, ಎರಡೇ ಕಿಲೋಮೀಟರು!"

"ಇಳಿಯೋ ಅಂದ್ರೆ."

ಇಬ್ಬರೂ ಸ್ಕೂಟರ್ ತಳ್ಳಿಕೊಂಡು ಮನೆ ಸೇರುವ ಹೊತ್ತಿಗೆ ಬೀದಿಯ ದೀಪ ಹತ್ತಿತ್ತು. ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. "ಮಾವ, ಪೆಟ್ರೋಲ್ ಖಾಲೀನಾ?"

"ಪೆಟ್ರೋಲ್ ತುಂಬಿದೆ ಕಣಮ್ಮ," ಎಂದ ಭಾಮೈದ ಬೆವರು ಒರೆಸಿಕೊಳ್ಳುತ್ತ. "ನಿಮ್ಮಪ್ಪ ಪಾಸಾಗಿದಾರೆ."

ಹೆಂಡತಿ ಯಂತ್ರ ಬಿಟ್ಟು ಎದ್ದು ಬಂದಳು. ಹದಿನೇಳಣ್ಣ ಜೇಬಿನಿಂದ ಹೊಸ ಪಾಸು ತೆಗೆದು ಕೊಟ್ಟ. ಅವಳು ಮುಂಭಾಗದ ಫೋಟೋ ನೋಡಿದಳು. ಆಮೇಲೆ, ಅಂಗಿಯನ್ನು ಒಳಮಗ್ಗುಲು ಮಾಡುವ ಹಾಗೆ, ಅದನ್ನು ತಿರುಗಿಸಿ ಹಿಂಭಾಗವನ್ನು ದೀಪಕ್ಕೆ ಹಿಡಿದಳು. ಸಹಿಯ ಪಕ್ಕ ಗ್ರೀಸಿನ ಹೆಬ್ಬೆಟ್ಟಿನ ಗುರುತೊಂದಿತ್ತು.

"ಸರಿ ಇದೆ," ಎಂದಳು.